ಅಕ್ಕನ ಮನೆಯಲ್ಲಿ ಪ್ರಸ್ಥಾನ

ಚೀಲದೊಳಗೆ ತೆಂಗಿನಕಾಯಿಯ ಪಕ್ಕದಲ್ಲೇ ಶೂ ಉಳಿದುಬಿಟ್ಟಿದೆ ಎಂಬುದು ವೇದಾವತಿಗೆ ನೆನಪಾದದ್ದು ಬಸ್ಸು ಬೈಪಾಸ್ ದಾಟಿದ ಮೇಲೆ. ತೊಡೆಯ ಮೇಲಿದ್ದ ಚೀಲವನ್ನು ಮೆಲ್ಲಗೆ ಒತ್ತಿ ನೋಡಿದಳು. ಒಂದು ಕಡೆ ಕಾಯಿಯ ಜುಟ್ಟು, ಇನ್ನೊಂದು ಕಡೆ ರಬ್ಬರಿನ ಗಟ್ಟಿ ಅಟ್ಟೆ, ನಡುವೆ ಒಂದು ರವಿಕೆ ಕಣದ ಮರೆ ಅಷ್ಟೇ. ಬೆಳಿಗ್ಗೆ ಮಗಳು ಭೂಮಿಕಾ ಆಯನೂರಿನ ಸ್ಕೂಲಿಗೆ ಪಾಠ ಮಾಡಲು ಹೊರಡುವ ಅವಸರದಲ್ಲೇ ನಗುತ್ತಾ ಅದನ್ನು ತುರುಕಿ, "ಟ್ರೆಕಿಂಗಿಗೆ ಹೋಗೋರ ಪ್ರಸ್ಥಾನದಲ್ಲಿ ಶೂ ಇಲ್ದಿದ್ರೆ ಹೆಂಗಮ್ಮ" ಅಂದಿದ್ದಳು. ಅವಳು ಹೋದಮೇಲೆ ತೆಗೆದರಾಯಿತು ಅಂದುಕೊಂಡಿದ್ದೇ, ಒಲೆಯ ಮೇಲೆ ಹಾಲು ಉಕ್ಕಿತು, ಪಾತ್ರೆ ತೊಳೆಯುವಾಗ ನಲ್ಲಿ ನೀರು ನಿಂತಿತು, ಗಂಡ ನಾಗೇಶ್ ಅಂಗಡಿಯ ಬೀಗದ ಕೈ ಮರೆತು ವಾಪಸು ಬಂದ, ಹೀಗೆ ಒಂದರ ಹಿಂದೆ ಒಂದು ಬಂದು ಶೂ ಚೀಲದಲ್ಲೇ ಕೂತುಬಿಟ್ಟಿತು. ದೇವರ ಸಾಮಾನಿನ ಜೊತೆ ಕಾಲಿಗೆ ಹಾಕುವುದು. ದೇವರಾದರೂ ಕ್ಷಮಿಸಿಯಾನು, ಅಕ್ಕ ನೋಡಿದರೆ ಏನೆನ್ನುತ್ತಾಳೋ. ಪ್ರಸ್ಥಾನವೆಂದರೆ ದೊಡ್ಡದೇನಲ್ಲ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕೆ ಮುಂಚೆ ಒಂದು ಒಳ್ಳೆಯ ದಿನ ಕಾಯಿ, ಎಲೆಯಡಿಕೆ, ಹೊಸ ಬಟ್ಟೆ ಒಯ್ದು ಬೇರೆಯವರ ಮನೆಯಲ್ಲಿಟ್ಟು ಬರುವುದು. ಆವತ್ತೇ ಹೊರಟಂತೆ. ಇಟ್ಟಮೇಲೆ ಆ ಚೀಲವನ್ನು ಮನೆಗೆ ವಾಪಸು ತರುವಂತಿಲ್ಲ, ತಂದರೆ ಪ್ರಯಾಣ ಮುರಿದಂತೆ. ಭೂಮಿಕಾ ದಸರಾ ರಜೆ ನೋಡಿ ಟಿಕೆಟ್ ಮಾಡಿದಳೇ ಹೊರತು ಪಂಚಾಂಗ ನೋಡಲಿಲ್ಲ. ವಿಮಾನ ಏರುವ ದಿನ ಪಕ್ಷಮಾಸದೊಳಗೆ ಬಂದು ಕೂತಿತ್ತು, ಊರಿಗೆ ಊರೇ ಹಿರಿಯರಿಗೆ ಎಡೆ ಇಡುವ ಹೊತ್ತಿನಲ್ಲಿ. ಪಕ್ಷ ಹಿಡಿಯುವುದರೊಳಗೆ ಪ್ರಸ್ಥಾನ ಇಡಬೇಕು, ಇಡುವುದಾದರೆ ಅಕ್ಕನ ಮನೆಯಲ್ಲೇ ಇಡಬೇಕು. ಆದರೆ ಪ್ರಯಾಣದ ವಿಷಯವನ್ನೇ ಅವಳು ಅಕ್ಕನಿಗೆ ಇನ್ನೂ ಹೇಳಿರಲಿಲ್ಲ.

ಹೇಳದೆ ಇದ್ದದ್ದು ಯಾಕೆ ಎಂದು ಕೇಳಿಕೊಂಡರೆ ಆ 'ಹ್ಞೂಂ' ನೆನಪಾಗುತ್ತಿತ್ತು. ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಭೂಮಿಕಾ ಫೋನಿನಿಂದ ತಲೆ ಎತ್ತದೆ, ಜೊತೆಗೆ ಬರಬೇಕಿದ್ದ ಗೆಳತಿಗೆ ಮದುವೆ ಗೊತ್ತಾಯಿತಂತೆ, ಅವಳು ಬರುವುದಿಲ್ಲವಂತೆ, "ನೀನು ಬಾರಮ್ಮ" ಅಂದಿದ್ದಳು. ಕರೆಯಬೇಕಲ್ಲ ಅಂತ ಕರೆದಳೋ, ಮನಸಾರೆ ಕರೆದಳೋ ಎಂದು ಮುಖ ನೋಡುವ ಮೊದಲೇ ವೇದಾವತಿಯ ಬಾಯಿಂದ ಹ್ಞೂಂ ಬಂದುಬಿಟ್ಟಿತ್ತು. ಎಷ್ಟು ಬೇಗ. ಯಾರೋ ಒಳಗೆ ಬಾಗಿಲ ಹಿಂದೆ ಚಪ್ಪಲಿ ಮೆಟ್ಟಿಕೊಂಡೇ ಕಾದು ನಿಂತಿದ್ದಂತೆ. ಮಗಳು ಕಣ್ಣರಳಿಸಿ ನೋಡಿ ಬಂದು ತಬ್ಬಿಕೊಂಡಾಗ ಖುಷಿಗಿಂತ ನಾಚಿಕೆಯೇ ಹೆಚ್ಚಾಗಿ ಸೊಪ್ಪಿನ ದಂಟನ್ನು ಎಲೆಗಳ ಕಡೆಗೂ ಎಲೆಯನ್ನು ಕಸದ ಕಡೆಗೂ ಹಾಕಿದ್ದಳು. ಆಮೇಲೆ ಊಟದ ಮೇಜಿನ ತುಂಬ ನಕ್ಷೆ, ಅದು ಊಟಕ್ಕೆ ಸಿಕ್ಕಲಿಲ್ಲ. ಮೊದಲು ವಿಯೆಟ್ನಾಂನ ಹನೋಯ್, ಅಲ್ಲೊಂದು ಕೆರೆ, ಕೆರೆಯ ಸುತ್ತ ಹಳೇ ಬೀದಿಗಳು. ಅಲ್ಲಿಂದ ರೈಲು, ರೈಲಿಳಿದು ಬಸ್ಸು, ಮೋಡದೊಳಗಿರುವ ಸಾಪಾ ಎಂಬ ಊರು. ಅಲ್ಲಿಂದ ನಡಿಗೆ. ಬೆಟ್ಟಕ್ಕೆ ಬೆಟ್ಟವನ್ನೇ ಮೆಟ್ಟಿಲು ಮಾಡಿ ಭತ್ತ ಬೆಳೆದಿದ್ದಾರಂತೆ, ಅದರ ಬದುವಿನ ಮೇಲೆ ನಡೆದು ಹಳ್ಳಿಯೊಂದರ ಮನೆಯಲ್ಲಿ ಉಳಿಯುವುದು. ಆ ಮನೆಯ ಹೆಂಗಸರು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ದಾರಿ ತೋರಿಸುತ್ತಾರಂತೆ. "ಅಲ್ಲಿ ಊಟಕ್ಕೆ?" ಎಂದು ನಾಗೇಶ್ ಕೇಳಿದ್ದ. "ಅನ್ನ ಅಪ್ಪ, ಮೂರು ಹೊತ್ತೂ ಅನ್ನ" ಅಂದಿದ್ದಳು ಮಗಳು. "ಹಂಗಾದ್ರೆ ನಿಮ್ಮಮ್ಮ ವಾಪಸ್ ಬರಲ್ಲ ಬಿಡು" ಎಂದು ಅವನು ನಕ್ಕ. ತನ್ನ ಊಟದ ಚಿಂತೆ ಮಾಡಬೇಡಿರೆಂದ, ಅಂಗಡಿ ಎದುರಿನ ಮೆಸ್ಸಿನವನಿಗೆ ಆಗಲೇ ಹೇಳಿಟ್ಟಿದ್ದೇನೆಂದ. ಅದನ್ನು ಕೇಳಿ ಅವಳಿಗೆ ಸ್ವಲ್ಪ ಬೇಜಾರೂ ಆಗಿತ್ತು. ಒಂದು ಸಾರಿಯಾದರೂ ಬೇಡ ಅನ್ನಬಾರದಿತ್ತೇ.

ಶೂ ತರಲು ಹೋದ ದಿನ ಗಾಂಧಿಬಜಾರಿನ ಅಂಗಡಿಯವನು ಅವಳ ಸೀರೆ ನೋಡಿ, ಕಾಲು ನೋಡಿ, ಕೇಳುವ ಮೊದಲೇ ಒಳಗಿನಿಂದ ಮೆತ್ತನೆಯ ಎಂಸಿಆರ್ ಚಪ್ಪಲಿ ತಂದಿಟ್ಟು, "ಮಂಡಿ ನೋವಾಮ್ಮ, ಶುಗರ್ರಾ?" ಅಂದಿದ್ದ. ಬೆಟ್ಟ ಹತ್ತುವ ಶೂ ಎಂದು ಹೇಳಲು ನಾಲಿಗೆ ಬರಲಿಲ್ಲ. ಭೂಮಿಕಾಳೇ ಹೇಳಿದಳು. ಅವನು ಮಗಳ ಕಾಲು ನೋಡಿ ಒಂದು ಜೊತೆ ತಂದ. "ನನಗಲ್ಲ, ಅಮ್ಮನಿಗೆ" ಅಂದಾಗ ಅಂಗಡಿಯಲ್ಲಿದ್ದವರೆಲ್ಲ ಒಮ್ಮೆ ತಿರುಗಿದಂತೆ ಅವಳಿಗನಿಸಿತು, ಬಹುಶಃ ಯಾರೂ ತಿರುಗಿರಲಿಲ್ಲ. ಇಳಿಯುವಾಗ ಬೆರಳು ತಾಗಬಾರದೆಂದು ಒಂದು ಸೈಜು ದೊಡ್ಡದನ್ನೇ ಕೊಂಡರು. ಅದನ್ನು ಹಾಕಿಕೊಂಡು ಬೆಳಗ್ಗೆ ಬೆಳಗ್ಗೆ ಗುಡ್ಡೇಕಲ್ಲಿನ ದೇವಸ್ಥಾನದ ಮೆಟ್ಟಿಲು ಹತ್ತುವುದು ಅಭ್ಯಾಸ. ಹತ್ತುವಾಗ ಏನೂ ಇಲ್ಲ. ಮನೆ ಒರೆಸಿದ, ನೀರು ಹೊತ್ತ ಕಾಲು, ಮೇಲಕ್ಕೆ ಅದರ ಪಾಡಿಗೆ ಹೋಗುತ್ತಿತ್ತು. ಸುಬ್ರಹ್ಮಣ್ಯನಿಗೆ ಕೈಮುಗಿದು ಕೆಳಗೆ ನೋಡಿದಾಗಲೇ ಕಷ್ಟ. ಇಳಿಯುವ ಪ್ರತಿ ಮೆಟ್ಟಿಲೂ ಮಂಡಿಯೊಳಗೆ ಒಂದು ಸಣ್ಣ ತಗಡು ಮಡಚಿದಂತೆ. ಕಡೆಗೆ ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಾ, ಕೈಗೆ ಸಿಕ್ಕ ಕಂಬಿ ಹಿಡಿಯುತ್ತಾ ಬರುವಾಗ, ರೀಲ್ಸ್ ಮಾಡುತ್ತಿದ್ದ ಕಾಲೇಜು ಹುಡುಗಿಯರು "ಆಂಟಿ, ಸ್ವಲ್ಪ ಸೈಡಿಗೆ ಬರ್ತೀರಾ" ಎಂದರು. ಒರಟಾಗಿ ಅಂದದ್ದಲ್ಲ, ಬಹಳ ಮರ್ಯಾದೆಯಿಂದಲೇ ಅಂದರು. ಮರ್ಯಾದೆಯಿಂದ ಅಂದದ್ದರಿಂದಲೇ ಇನ್ನೂ ನಾಟಿತು. ಮಗಳು ಕೆಳಗೆ ನಿಂತು ಗೆಳತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು, ಅಮ್ಮ ಅಷ್ಟು ಹತ್ತಿರ ಬಂದಿದ್ದಾಳೆಂದು ಅವಳಿಗೆ ಗೊತ್ತಿರಲಿಲ್ಲ. "ಆ ದೊಡ್ಡ ಬೆಟ್ಟ ಬಿಟ್ಟೆ ಕಣೆ. ಅಮ್ಮ ಬರ್ತಾರಲ್ಲ, ಪಾಪ ಆಗಲ್ಲ. ಕೆಳಗಿನ ಹಳ್ಳಿ ಮಟ್ಟಿಗೆ ನಡೆದು ಬರ್ತೀವಿ."

ಪಾಪ. ಆವತ್ತಿನಿಂದ ಆ ಒಂದು ಮಾತು ಸಾರಿಗೆ ಉಪ್ಪು ಹಾಕುವಾಗಲೂ, ಬಟ್ಟೆ ಹಿಂಡುವಾಗಲೂ ಅವಳ ಜೊತೆಯೇ ಇತ್ತು. ತನ್ನ ಹ್ಞೂಂನಿಂದಾಗಿ ಮಗಳ ಬೆಟ್ಟ ಗಿಡ್ಡವಾಯಿತು. ಬರುವುದಿಲ್ಲ ಎಂದರೆ ಭೂಮಿಕಾ ಬಿಡುವವಳಲ್ಲ, ಯಾಕೆ ಏನು ಎಂದು ಕೆದಕಿ, ಕೇಳಿಸಿಕೊಂಡದ್ದು ಗೊತ್ತಾದರೆ ಅಳುತ್ತಾಳೆ. ಬೇರೆ ಯಾರಾದರೂ ಬೇಡ ಅನ್ನಬೇಕು. ಹಾಗೆ ಯೋಚಿಸುತ್ತಲೇ ಅಕ್ಕ ನೆನಪಾದಳು. ಅಮ್ಮನಿಗೆ ಸದಾ ಉಬ್ಬಸ, ವೇದಾವತಿಯನ್ನು ಎತ್ತಿ ಆಡಿಸಿ ತಲೆ ಬಾಚಿದವಳು ದುರ್ಗಕ್ಕನೇ, ಬೇಡ ಅಂದವಳೂ ಅವಳೇ. ಸೈಕಲ್ ಕಲಿಯುತ್ತೇನೆ ಅಂದರೆ ಬೇಡ. ಕಾಲೇಜಿನವರ ಜೊತೆ ಮೈಸೂರಿಗೆ ಹೋಗುತ್ತೇನೆ ಅಂದರೆ ಬೇಡ. ಮೊನ್ನೆ ಮೊನ್ನೆ ಕೂದಲಿಗೆ ಬಣ್ಣ ಹಚ್ಚುತ್ತೇನೆ ಅಂದರೂ ಬೇಡ. ಯಾವ ಬೇಡಕ್ಕೆ ಹೆದರಿ ಇಷ್ಟು ದಿನ ಮುಚ್ಚಿಟ್ಟಿದ್ದಳೋ ಆ ಬೇಡವನ್ನೇ ಈಗ ಕೇಳಿ ಪಡೆಯಲು, ಕಾಯಿ ಎಲೆಯಡಿಕೆ ಸಮೇತ, ಭದ್ರಾವತಿಯ ಬಸ್ಸು ಹತ್ತಿದ್ದಳು. ಅಕ್ಕ ಬೇಡ ಅಂದರೆ ಚೀಲ ವಾಪಸು. ಪ್ರಯಾಣ ಮುರಿದದ್ದು ಅಕ್ಕನಿಂದ, ಪಂಚಾಂಗದಿಂದ. ಯಾರ ಮನಸ್ಸಿಗೂ ನೋವಿಲ್ಲ.

ಜನ್ನಾಪುರದಲ್ಲಿ ಅಕ್ಕನ ಮನೆಯ ಮುಂದೆ ಭಾವ ಉಜ್ಜನಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದ. ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತನಾಗಿ ವರ್ಷಗಳಾದರೂ ಶಿಫ್ಟಿನ ಹೊತ್ತಿಗೆ ಸರಿಯಾಗಿ ತಲೆ ಬಾಚಿ ಕೂರುವುದು ಬಿಟ್ಟಿರಲಿಲ್ಲ. "ಓಹೋ, ವೇದಾ" ಎಂದು ನಗುತ್ತಾ ಎದ್ದವನು ಚೀಲ ನೋಡಿದ, ನಗು ಅಲ್ಲಿಗೇ ನಿಂತಿತು. ಒಳಗೆ ಹೋಗಿ ಏನೋ ಪಿಸುಗುಟ್ಟಿದ. ಅಕ್ಕ ಬಂದಳು, ಅವಳೂ ಮೊದಲು ನೋಡಿದ್ದು ಚೀಲವನ್ನೇ. "ಫೋನ್ ಮಾಡ್ದೆ ಬಂದ್ಯಲ್ಲೇ" ಅನ್ನಲಿಲ್ಲ, "ಒಬ್ಬಳೇ ಬಂದ್ಯಾ" ಅನ್ನಲಿಲ್ಲ. ಕೈಯಿಂದ ಚೀಲ ತೆಗೆದುಕೊಂಡು ಒಳಕೋಣೆಯಲ್ಲಿಟ್ಟು ಬಾಗಿಲು ಎಳೆದು ಬಂದು, "ಕಾಲು ತೊಳ್ಕೊ, ಊಟ ಮಾಡುವಂತೆ" ಅಂದಳು. ಮುದ್ದೆ, ಬಸ್ಸಾರು. ಜೊತೆಗೆ, ಯಾರಿಗೋ ಹುಷಾರಿಲ್ಲದಿದ್ದಾಗ ಮಾತ್ರ ಅಕ್ಕ ಮಾಡುವ ತುಪ್ಪದಲ್ಲಿ ಹುರಿದ ಹಪ್ಪಳ. ವೇದಾವತಿ ಮಾತು ತೆಗೆಯಲು ಬಾಯಿ ತೆರೆದಾಗಲೆಲ್ಲ ಅಕ್ಕ ಇನ್ನಷ್ಟು ಸಾರು ಬಡಿಸಿ, "ಮೊದ್ಲು ಉಣ್ಣು. ಎಲ್ಲ ಆಮೇಲೆ" ಅನ್ನುತ್ತಿದ್ದಳು. ಒಂದು ಸಾರಿ ಅವಳ ಬೆನ್ನು ಸವರಿದಳು ಕೂಡ. ಆ ಕೈಯ ತೂಕದಲ್ಲಿ ವೇದಾವತಿಗೆ ಇದೇ ಅಡುಗೆಮನೆ, ಇದೇ ಮಣೆ, ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಹೀಗೇ ಚೀಲ ಹಿಡಿದು ಬಂದು ಕೂತದ್ದು ನೆನಪಾಯಿತು. ಆವತ್ತೂ ಅಕ್ಕ ಏನೂ ಕೇಳಲಿಲ್ಲ. ಉಣ್ಣಿಸಿದಳು, ಎಣ್ಣೆ ಹಚ್ಚಿ ತಲೆ ಬಾಚಿದಳು, ಸಂಜೆ ವೇದಾವತಿಯೇ ಎದ್ದು ಬರ್ತೀನಿ ಅಂದಾಗ ಹೂವು ಮುಡಿಸಿ ಬಸ್ಸು ಹತ್ತಿಸಿದಳು. ಯಾಕೆ ಬಂದಿದ್ದೆ ಎಂದು ಇವತ್ತಿನವರೆಗೂ ಕೇಳಿಲ್ಲ. ಯಾಕೆ ಬಂದಿದ್ದೆನೆಂದು ವೇದಾವತಿಗೂ ಈಗ ಸರಿಯಾಗಿ ನೆನಪಿಲ್ಲ, ನಾಗೇಶ್ ಯಾರ ಮುಂದೆಯೋ ಏನೋ ಅಂದಿದ್ದ.

ಹಿತ್ತಲಿನಿಂದ ಭಾವನ ಗುಟ್ಟಿನ ದನಿ ಕೇಳಿಸುತ್ತಿತ್ತು. ಕಾರ್ಖಾನೆಯ ಸದ್ದಿನಲ್ಲಿ ಬದುಕು ಕಳೆದವನ ಗುಟ್ಟು, ಮೂರು ಮನೆಗೆ ಕೇಳುವಂತೆ. "ನಾಗೇಶಪ್ಪ, ನೀನು ಏನಾದ್ರೂ ಅಂದ್ಯಾ? ಅಲ್ಲ, ಈ ವಯಸ್ಸಲ್ಲಿ ಹೆಂಗಸು ಚೀಲ ಹಿಡ್ಕೊಂಡು ಬಂದವಳೆ ಅಂದ್ರೆ... ಏನು? ಪ್ರಸ್ಥಾನನಾ? ಎಲ್ಲಿಗೆ? ಎಲ್ಲಿಗೆ?"

ಅಕ್ಕ ಸೌಟು ಹಿಡಿದೇ ನಿಂತಳು. ವೇದಾವತಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದಾಗ ನಗು ತಡೆಯಲಾಗದೆ ಮುದ್ದೆಯ ತುತ್ತು ನೆತ್ತಿಗೇರಿತು. ಅಕ್ಕ ನೆತ್ತಿ ತಟ್ಟುತ್ತಾ, "ನಗ್ತೀಯಲ್ಲೇ. ನಂಗಿಲ್ಲಿ ಎದೆ ಹಾರಿ ಹೋಗಿತ್ತು. ಮೇಲಿನ ರೂಮಿಗೆ ಹಾಸಿಗೆನೂ ಹಾಕಿಸ್ದೆ" ಅಂದಳು.

ಭಾವ ಫೋನು ಹಿಡಿದೇ ಒಳಗೆ ಬಂದ. "ವಿಯೆಟ್ನಾಂ ಅಂತೆ ಕಣೆ. ಯುದ್ಧ ಆಗಿತ್ತಲ್ಲ, ಅಲ್ಲಿಗೆ."

"ಈಗ ಇಲ್ಲ ಭಾವ, ಅದೆಲ್ಲ ಮುಗಿದು ಎಷ್ಟು ಕಾಲ ಆಯ್ತು."

"ಅಲ್ಲಿ ಏನಿದೆ?" ಎಂದಳು ಅಕ್ಕ.

"ಬೆಟ್ಟ ಇದೆ. ನಡೆಯೋದು."

"ನಡೆಯೋಕೆ ಅಷ್ಟು ದೂರ ಯಾಕೆ ಮಾರಾಯ್ತಿ. ಇಲ್ಲಿ ಹಾಲಿಗೆ ಅಂತ ನಾನು ದಿನಾ ನಡೀತೀನಿ, ಯಾರೂ ವಿಮಾನ ಕೊಡಲಿಲ್ಲ."

ಬರುತ್ತಿದೆ, ಆ 'ಬೇಡ' ಬರುತ್ತಿದೆ ಅನಿಸಿತು ವೇದಾವತಿಗೆ. ಕೈ ತೊಳೆದು ಬಂದು ಫೋನಿನಲ್ಲಿ ಭೂಮಿಕಾ ಕಳಿಸಿದ್ದ ಚಿತ್ರ ತೆಗೆದು ತೋರಿಸಿದಳು. ಹಳದಿಗೆ ತಿರುಗಿದ ಗದ್ದೆಗಳು ಬೆಟ್ಟದ ತುದಿಯಿಂದ ಕೊರಕಲಿನವರೆಗೆ ಬಳೆ ಜೋಡಿಸಿಟ್ಟಂತೆ ಇಳಿದಿದ್ದವು. ಅಕ್ಕ ಕನ್ನಡಕ ಹಾಕಿಕೊಂಡಳು. "ಗದ್ದೆನಾ? ಗದ್ದೆ ನೋಡೋಕೆ ಹೊಳೆಹೊನ್ನೂರು ಬಸ್ಸಲ್ಲಿ ಕೂತ್ರೆ ಸಾಕಲ್ಲೆ, ಎರಡೂ ಕಡೆ ಅದೇ." ಹಾಗೆಂದವಳು ಫೋನು ವಾಪಸು ಕೊಡಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ, ಬದುವೊಂದರ ಮೇಲೆ ಬೆರಳಿಟ್ಟು, ಇಷ್ಟು ಮೇಲಕ್ಕೆ ನೀರು ಹೇಗೆ ಒಯ್ದಿದ್ದಾರೆ, ಮಳೆಗೆ ಕೊಚ್ಚಿ ಹೋಗುವುದಿಲ್ಲವೇ ಎಂದು ಕೇಳಿದಳು. ಕೆಳಗೊಂದು ಎಮ್ಮೆ ಕಂಡಾಗ "ನಮ್ಮ ಕಡೇದ್ರ ಹಾಗೇ ಇದೆ ಪಾಪ" ಅಂದಳು. ಆ ಪಾಪ ಮಗಳ ಪಾಪದ ಹಾಗಿರಲಿಲ್ಲ, ಅದರಲ್ಲಿ ಎಮ್ಮೆಯ ಮೈದಡವುವ ಕೈಯಿತ್ತು. ಮಗಳ ಮಾತಿನಲ್ಲೂ ಅದು ಇತ್ತೇನೋ, ತಾನು ಮೆಟ್ಟಿಲಿನ ನೋವಿನಲ್ಲಿ ಬೇರೆ ಥರ ಕೇಳಿಸಿಕೊಂಡೆನೇನೋ ಎಂದು ಒಂದು ಕ್ಷಣ ಅನಿಸಿ, ಹಾಗೆ ಅನಿಸಿದ್ದೇ ಸಾಕಾಗದೆ, ಇನ್ನು ಕಾಯಬಾರದೆಂದು ವೇದಾವತಿ ಹೇಳಿಬಿಟ್ಟಳು. ಇಳಿಯುವಾಗ ಮಂಡಿ ಕೈಕೊಡುತ್ತದೆ, ತನ್ನಿಂದಾಗಿ ಭೂಮಿ ದೊಡ್ಡ ಬೆಟ್ಟ ಬಿಟ್ಟಿದ್ದಾಳೆ, ಮಗುವಿಗೆ ಭಾರವಾಗಿ ಯಾಕೆ ಹೋಗಬೇಕು. "ನೀನು ಬೇಡ ಅಂದ್ರೆ ಇಲ್ಲಿಗೇ ಬಿಟ್ಟುಬಿಡ್ತೀನಿ ಅಕ್ಕ. ಚೀಲ ತಗೊಂಡು ಹೋಗ್ತೀನಿ."

ಅಕ್ಕ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದಳು. "ಬೇಡ ಅನ್ನಿಸ್ಕೊಳ್ಳೋಕೆ ಬಸ್ ಚಾರ್ಜ್ ಕೊಟ್ಟು ಬಂದ್ಯಾ?"

ವೇದಾವತಿ ಅಕ್ಕನ ಕೈಯಿಂದ ಫೋನು ತೆಗೆದುಕೊಂಡಳು.

"ನಿಮ್ಮ ಮನೇಲಿ ಬೇಡ ಅನ್ನೋರು ಯಾರೂ ಇಲ್ವಾ?"

"ಇಲ್ಲ."

"ಪುಣ್ಯ ಮಾಡಿದೀಯ" ಎಂದು ಎದ್ದ ಅಕ್ಕ ಒಳಕೋಣೆಯಿಂದ ಚೀಲ ತಂದು ಬಿಚ್ಚಿದಳು. ಕಾಯಿ, ಎಲೆಯಡಿಕೆ, ರವಿಕೆ ಕಣ. ಆಮೇಲೆ ಶೂ. ಈಗ ಬೈಗುಳ ಬೀಳುತ್ತದೆಂದು ವೇದಾವತಿ ತಲೆ ತಗ್ಗಿಸಿದಳು. ಅಕ್ಕ ಕಾಯಿಯನ್ನು ಸೆರಗಿನಿಂದ ಒರೆಸಿ ದೇವರ ಗೂಡಿಗೆ ಇಟ್ಟು ಬಂದಳು, ಅಷ್ಟೇ. ಶೂವಿನೊಳಗೆ ಕೈ ಹಾಕಿ ಹಿಮ್ಮಡಿಯ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದಳು. "ಕಚ್ಚುತ್ತಲ್ಲ?" ವೇದಾವತಿ ಪಟ್ಟಿ ಅಂಟಿಸಿದ್ದ ಹಿಮ್ಮಡಿಯನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡಳು. ಅಕ್ಕ ಅದನ್ನು ನೋಡಿಯೂ ನೋಡದವಳಂತೆ ನೆಲಕ್ಕೆ ಕೂತು, ಶೂವಿನ ಬಾಯಿಯೊಳಗೆ ತುರುಕಿದ್ದ ಕಾಲುಚೀಲ ತೆಗೆದು ಹಾಕಿಕೊಂಡು, ಬಲಗಾಲನ್ನು ಒಳಗೆ ತೂರಿಸಿದಳು. ದೊಡ್ಡ ಸೈಜು, ಅಕ್ಕನ ಅಗಲ ಪಾದ ಹೇಳಿ ಮಾಡಿಸಿದಂತೆ ಕೂತಿತು. ಕಾಲುಚೀಲ ಏರುವ ಮುನ್ನ ಅಕ್ಕನ ಹಿಮ್ಮಡಿಯ ಮೇಲಿನ ಹಳೆಯ ಕಪ್ಪು ಕಲೆ ಕಂಡಿತ್ತು. ಅಪ್ಪ ಸ್ಕೂಲು ಶುರುವಾಗುವಾಗ ವೇದಾವತಿಗೆಂದು ಹೊಸ ಚಪ್ಪಲಿ ತರುತ್ತಿದ್ದ, ತಂದ ದಿನವೇ ಅಕ್ಕ ಅದನ್ನು ಕಿತ್ತುಕೊಳ್ಳುತ್ತಿದ್ದಳು. ಅವಳಿಗೆ ಅದು ಚಿಕ್ಕದು, ಹಿಮ್ಮಡಿ ಅರ್ಧ ಹೊರಗೇ ನೇತಾಡುತ್ತಿತ್ತು. ಆದರೂ ಅಂಗಡಿಗೆ ಅದೇ, ನಲ್ಲಿಗೆ ಅದೇ, ರಾತ್ರಿ ಚಪ್ಪಲಿಯ ಪಟ್ಟಿಗೆ ಕೊಬ್ಬರಿ ಎಣ್ಣೆ ಸವರಿ ಇಡುವುದು. ಹೊಸತು ಹಳತಾದ ಮೇಲೆ "ತಗೋ" ಎಂದು ಬಿಸಾಕುತ್ತಿದ್ದಳು. ಹೊಸ ಚಪ್ಪಲಿಯನ್ನು ಒಂದು ಸಾರಿಯೂ ಮೊದಲು ಮೆಟ್ಟಲು ಬಿಡಲಿಲ್ಲವಲ್ಲ ಎಂಬ ಸಿಟ್ಟು ಮದುವೆಯ ಮಂಟಪದವರೆಗೂ ಇತ್ತು. ಅಲ್ಲಿಯಾದರೂ ಹೊಸತು ಸಿಕ್ಕಿತು ಎಂದುಕೊಂಡರೆ, ಆ ಚಪ್ಪಲಿ ಮಾರನೆಯ ದಿನಕ್ಕೇ ಎರಡೂ ಕಾಲು ಕಚ್ಚಿತು. ತನ್ನ ಕಾಲಿಗೆ ಬೊಬ್ಬೆ ಬಂದದ್ದು ಆವತ್ತೇ ಮೊದಲು. ಅದಕ್ಕೆ ಮುಂಚೆ ಯಾಕೆ ಬಂದಿರಲಿಲ್ಲ ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಈಗ ಯೋಚಿಸಿದಳು. ಅಕ್ಕ ದಾರ ಕಟ್ಟಲು ಬಾರದೆ ಒದ್ದಾಡುತ್ತಿದ್ದಳು, ವೇದಾವತಿ ಬಗ್ಗಿ ಕಟ್ಟಿಕೊಟ್ಟಳು. ಮುಖ ಮರೆಸಲು ಅದು ಅನುಕೂಲವೂ ಆಯಿತು.

"ಕಾಯಿ ದೇವರ ಹತ್ರ ಇರ್ಲಿ" ಎಂದಳು ಅಕ್ಕ ಎದ್ದು ನಿಂತು, ಒಂದೊಂದೇ ಹೆಜ್ಜೆ ಇಟ್ಟು ನೋಡುತ್ತಾ. "ಇದು ನನ್ನ ಹತ್ರ ಇರ್ಲಿ. ನೀವು ಹೊರಡೋ ಹೊತ್ತಿಗೆ ಪಳಗಿರುತ್ತೆ. ಮಂಡಿಗೆ ಒಂದು ಕೋಲು ತಗೊ. ಆಗದೇ ಇರೋ ಕಡೆ ಕೂತ್ಕೊ. ಕೂತ್ಕೊಂಡು ನೋಡೋರಿಗೆ ಬೆಟ್ಟ ಕಾಣಲ್ವಾ?"

ಹಾಲಿನ ಹೊತ್ತಾಗಿತ್ತು. ಅಕ್ಕ ಬಸ್ಸಿನವರೆಗೆ ಬಿಡಲು ಶೂ ಹಾಕಿಕೊಂಡೇ ಹೊರಟಳು, ಸೀರೆಯನ್ನು ಒಂದು ಮಡಿಕೆ ಎತ್ತಿ ಕಟ್ಟಿ, ಕೈಯಲ್ಲಿ ಹಾಲಿನ ಕ್ಯಾನು ತೂಗಾಡಿಸುತ್ತಾ. ಎದುರು ಮನೆಯವಳು ಗೇಟಿಗೆ ಬಂದು, "ಏನ್ ದುರ್ಗಕ್ಕ, ಮಿಲಿಟ್ರಿ ಸೇರಿದ್ರಾ?" ಅಂದಳು. "ಹೌದು, ವಿಯೆಟ್ನಾಂಗೆ ಹಾಕಿದಾರೆ" ಅಂದಳು ಅಕ್ಕ ತಿರುಗದೆ. ವೇದಾವತಿ ಚಪ್ಪಲಿಯಲ್ಲಿ ಹಿಂದೆ ಹಿಂದೆ ನಡೆದಳು. ಕೈ ಖಾಲಿ. ಬರುವಾಗಿದ್ದ ಚೀಲವಿಲ್ಲದೆ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ.

ಬಸ್ಸಿನಲ್ಲಿ ಕೂತು ಭೂಮಿಕಾಳಿಗೆ ಫೋನ್ ಮಾಡಿದಳು. ಸ್ಕೂಲು ಬಿಟ್ಟಿತ್ತು, ಅವಳೂ ಆಯನೂರಿನಿಂದ ಬಸ್ಸಿನಲ್ಲೇ ಇದ್ದಳು. ಎರಡು ಬಸ್ಸುಗಳ ಸದ್ದಿನ ನಡುವೆ ವೇದಾವತಿ ದನಿ ಎತ್ತಿ ಹೇಳಿದಳು. "ಭೂಮಿ, ಆ ದೊಡ್ಡ ಬೆಟ್ಟ ಬಿಡಬೇಡ. ನೀನು ಹತ್ತಿ ಬಾ. ನಾನು ಕೆಳಗಿನ ಮನೇಲಿ ಅವರ ಜೊತೆ ಕೂತಿರ್ತೀನಿ. ನಂಗೇನೂ ಬೇಜಾರಿಲ್ಲ."

"ಕೇಳಿಸ್ಕೊಂಡ್ಯಾ ಆವತ್ತು?"

"ಹ್ಞೂಂ."

"ಅಯ್ಯೋ ಅಮ್ಮ. ಅದು ನಂಗೇ ಹತ್ತೋಕಾಗಲ್ಲ ಕಣಮ್ಮ. ವೀಡಿಯೋ ನೋಡಿದ್ರೇ ಕಾಲು ನಡುಗುತ್ತೆ. ಫ್ರೆಂಡ್ ಹತ್ರ ಹಂಗೆ ಹೇಳೋಕೆ ನಾಚ್ಕೆ ಆಯ್ತು. ನಿನ್ನ ಹೆಸರು ಹೇಳ್ದೆ."

ವೇದಾವತಿ ಕಿಟಕಿಯ ಕಂಬಿಗೆ ಹಣೆ ಆನಿಸಿದಳು. ಸಿಟ್ಟು ಬರಬೇಕಿತ್ತು. ತಾನು ಇವತ್ತು ಇಡೀ ದಿನ ಯಾರ ಹೆಸರು ಹೇಳಲು ಅಲೆದಾಡಿದೆ ಎಂಬುದು ನೆನಪಾಗಿ ನಗುವೇ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ತಿರುಗಿ ನೋಡಿದಳು, ನೋಡಲಿ.

"ಯಾಕಮ್ಮ ನಗ್ತೀಯ? ಪ್ರಸ್ಥಾನ ಇಟ್ಯಾ? ದೊಡ್ಡಮ್ಮ ಏನಂದ್ರು?"

"ಕೋಲು ತಗೊ ಅಂದಳು. ನಿಂಗೂ ಒಂದು ತರೋಣ."

ಮರುದಿನ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಫೋನು ಬಂತು. ಕೈ ಒರೆಸಿಕೊಂಡು ಕಿವಿಗಿಟ್ಟರೆ ಹಿಂದೆ ಭದ್ರಾ ಸೇತುವೆಯ ಮೇಲಿನ ಲಾರಿಗಳ ಸದ್ದು, ಅಕ್ಕನ ಏದುಸಿರು. "ಇಳಿಜಾರಲ್ಲಿ ನಡೆದು ನೋಡ್ದೆ ವೇದಾ" ಎಂದಳು ಅಕ್ಕ. "ಬಲಗಾಲಿಂದು ಸರಿಹೋಯ್ತು. ಎಡಗಾಲಿಂದು ಇನ್ನೂ ಕಚ್ತಾ ಇದೆ."